ಮೊದಲನೆಯ ಸಾಕು

ಅಲ್ಲ, ಬಹುಶಃ ನಾಲ್ಕನೆಯದಕ್ಕೆ ಇರಬೇಕು. ಮಗಳ ಸುಶಿ ಅಂಗಡಿಯಲ್ಲಿ ಮೂರನೆಯ ತುತ್ತಿಗೇ ನಮ್ಮ ಭಾವ "ಸಾಕು" ಅಂದರು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಸ್ನಾನ ಮಾಡುತ್ತ ಸೌತೆಕಾಯಿಯದು, ಮೊಟ್ಟೆಯದು, ಸೀಗಡಿಯದು ಎಂದು ಮನಸ್ಸಿನಲ್ಲೇ ಸಾಲಾಗಿ ಇಟ್ಟು ನೋಡಿದರೆ ಅದರ ಮುಂದೆ ಇನ್ನೊಂದು ಕಾಣಿಸಿತು, ಬಣ್ಣವೇ ಇಲ್ಲದ್ದು. ಅದನ್ನು ಅವರು ತಿಂದರೋ, ಪಕ್ಕದಲ್ಲಿ ಕುಳಿತ ನಾನು ತಿಂದೆನೋ, ಅಥವಾ ಈ ಬರಹಕ್ಕೆ ಬೇಕಾಗಬಹುದೆಂದು ನನ್ನ ನೆನಪು ಈಗ ಹೊಸದಾಗಿ ಮಾಡಿ ಇಟ್ಟಿತೋ, ಹೇಳಲಾರೆ. ಚೊಕ್ಕವಾಗಿ ಬಂದು ನಿಲ್ಲುವ ನೆನಪಿನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳ್ಳಂಬೆಳಗ್ಗೆ ಬಂದ ನೆಂಟನನ್ನು ಕಂಡ ಹಾಗೆ, ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಅನಿಸಿಬಿಡುತ್ತದೆ.

ಸಾಕು ಅಂದದ್ದು ಮಾತ್ರ ಖಾತ್ರಿ. ಅದನ್ನು ಅವರ ಮಗಳು ಕೇಳಿಸಿಕೊಂಡಳು. ಕೇಳಿಸಿಕೊಂಡು ನಿಲ್ಲಿಸಿದಳು. ಅವರು ಬಾಯಿ ಒರೆಸಿಕೊಂಡು, ಎಲ್ಲರಿಗೂ ಬರ್ತೀನಿ ಎಂದು ಹೇಳಿ, ಮೆಟ್ಟಿಲಿಳಿದು ಕಮಲಾಪುರದ ಬಸ್ಸು ಹತ್ತಿದರು. ಅದು ಅಂಗಡಿ ತೆರೆದ ದಿನ. ಆಮೇಲೆ ಚಳಿಗಾಲ ಹೋಯಿತು, ಕಲಬುರಗಿಗೆ ಬರಬೇಕಾದಷ್ಟು ಬಿಸಿಲು ಬಂದು ಕುಳಿತುಕೊಂಡಿತು. ಭಾವ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಮಗಳಿಗೆ ಅಂಗಡಿ ನಡೆಯುತ್ತದೋ ಇಲ್ಲವೋ ಎಂಬ ಚಿಂತೆ ಒಂದು ತೂಕವಾದರೆ, ಇದು ಇನ್ನೊಂದು ತೂಕ.

ಸುಜಾತಾ ನನ್ನ ಅಕ್ಕನ ಮಗಳು. ತಪಸ್ಸು ಮಾಡಿ ಬಡಕಲಾಗಿ ಮರದ ಕೆಳಗೆ ಕುಳಿತವನಿಗೆ ಪಾಯಸ ಕೊಟ್ಟ ಹೆಣ್ಣುಮಗಳ ಹೆಸರದು. ಆಗತಾನೇ ಬೌದ್ಧ ವಿಹಾರಕ್ಕೆ ಹೋಗತೊಡಗಿದ್ದ ಅವಳ ಅಜ್ಜ ಹಟ ಹಿಡಿದು ಇಟ್ಟದ್ದು. ಹೆಸರಿಗೆ ತಕ್ಕ ಹಾಗೆ ಹುಡುಗಿ ಅಡುಗೆಯ ಕಡೆಗೇ ಹೋದಳು. ಪುಣೆಯ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ, ಜಪಾನಿನಲ್ಲಿ ಕೆಲಸ ಮಾಡಿ ಬಂದಿದ್ದ ಒಬ್ಬ ವಯಸ್ಸಾದ ಉಸ್ತಾದರ ಕೈಕೆಳಗೆ ವರ್ಷಗಟ್ಟಲೆ ಅಕ್ಕಿ ತೊಳೆದಳು. ಆಮೇಲೆ ಅನ್ನ ಮಾಡಿದಳು, ಆಮೇಲೆ ಮೀನು ಹೆಚ್ಚಿದಳು. ತಿರುಗಿ ಬಂದು ಸೇಡಂ ರಸ್ತೆಯಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸುಶಿ ಅಂಗಡಿ ತೆರೆದಳು. ಉದ್ದನೆಯ ಮರದ ಕಟ್ಟೆ, ಅದರ ಮುಂದೆ ಎತ್ತರದ ಕುರ್ಚಿಗಳು, ಅದರ ಹಿಂದೆ ಬಿಳಿ ಟೊಪ್ಪಿಗೆಯ ಸುಜಾತಾ. ಮೀನು ಹೈದರಾಬಾದಿನಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತದೆ. ಬಾರದ ದಿನ ಸೌತೆಕಾಯಿ, ಮೊಟ್ಟೆ, ಹುರಿದ ಬದನೆ.

ಜೋಳದ ರೊಟ್ಟಿಯ ಊರು ನಮ್ಮದು. ಇಲ್ಲಿ ಅನ್ನವೆಂದರೆ ರೊಟ್ಟಿಯೆಲ್ಲ ಮುಗಿದ ಮೇಲೆ, ಇನ್ನೇನು ಏಳಬೇಕು ಅನ್ನುವಾಗ, ಮಜ್ಜಿಗೆಯ ನೆಪಕ್ಕೆ ಬರುವ ವಸ್ತು. ಅದನ್ನೇ ಎರಡು ಬೆರಳಿನ ಗಾತ್ರ ಮಾಡಿ, ಮೇಲೊಂದು ಮೀನಿನ ತುಂಡು ಮಲಗಿಸಿ, ಇದೇ ಊಟ ಎಂದರೆ ಜನ ಏನೆಂದುಕೊಳ್ಳುತ್ತಾರೋ ಎಂದು ನಾನು ಹೆದರಿದ್ದೆ. ಜನ ಬಂದರು. ನಮ್ಮ ಊರಿನವರು ಹೊಸದಕ್ಕೆ ಹೆದರುವುದಿಲ್ಲ, ಹೊಸದನ್ನು ತಮ್ಮ ಪದ್ಧತಿಗೆ ಬಗ್ಗಿಸಿಕೊಳ್ಳುತ್ತಾರೆ. ಖೂಬಾ ಪ್ಲಾಟಿನ ನಮ್ಮ ಓಣಿಯ ವಕೀಲರು ಸುಶಿಗೆ ಸುತ್ತಿದ ಸಮುದ್ರದ ಪಾಚಿಯ ಕಪ್ಪು ಹಾಳೆಯನ್ನು ಒಂದೊಂದಾಗಿ ಬಿಚ್ಚಿ, ಕಟ್ಟೆಯ ಅಂಚಿಗೆ ಒಪ್ಪವಾಗಿ ಇಟ್ಟು, ಒಳಗಿನದನ್ನು ತಿಂದು, "ಪ್ಯಾಕಿಂಗ್ ಭಾಳ ಛಂದ ಮಾಡ್ಯಾರ್ರೀ" ಎಂದು ಹೊಗಳಿದರು. ಒಬ್ಬ ಹೆಣ್ಣುಮಗಳು ಚೀಲದಿಂದ ಪುಟ್ಟ ಸ್ಟೀಲಿನ ಡಬ್ಬಿ ತೆಗೆದು, "ತಪ್ಪು ತಿಳ್ಕೋಬ್ಯಾಡವ್ವಾ, ಶೇಂಗಾ ಹಿಂಡಿ ಇಲ್ಲದ ನಮಗ ತುತ್ತು ಇಳಿಯಂಗಿಲ್ಲ" ಎಂದು ಆ ಚಟ್ನಿಪುಡಿಯನ್ನು ಪ್ರತಿಯೊಂದರ ಮೇಲೂ ಚಿಟಿಕೆ ಚಿಟಿಕೆ ಉದುರಿಸಿಕೊಂಡರು. ಸುಜಾತಾ ಸಿಟ್ಟಾಗುತ್ತಾಳೆಂದುಕೊಂಡೆ. ಅವಳು ಕೈ ಚಾಚಿ ತನಗೂ ಒಂದು ಚಿಟಿಕೆ ಬೇಡಿದಳು.

ನನ್ನದೇನು ಕಡಿಮೆಯಲ್ಲ. ಆ ಎರಡು ಕಡ್ಡಿಗಳಿಂದ ತಿನ್ನಬೇಕೆಂದು ಹಟಕ್ಕೆ ಬಿದ್ದು, ಒಂದು ಸುಶಿಯನ್ನು ನನ್ನ ಅಂಗಿಯ ಜೇಬಿಗೇ ಹಾಕಿಕೊಂಡೆ ಎಂದು ಸುಜಾತಾ ಬಂದವರಿಗೆಲ್ಲ ಹೇಳುತ್ತಾಳೆ. ಆ ದಿನದ ಅಂಗಿಗೆ ಜೇಬೇ ಇರಲಿಲ್ಲ ಎಂಬುದು ನನ್ನ ವಾದ. ಯಾವ ಅಂಗಿ ಎಂದು ಕೇಳಿದರೆ ಮಾತ್ರ ನನಗೆ ನೆನಪಿಲ್ಲ.

ಈ ಸುಶಿಯ ಬಗ್ಗೆ ಎಲ್ಲೋ ಓದಿದ್ದೇನೆ. ಬಹಳ ಹಿಂದೆ ಮೀನು ಕೆಡದಿರಲೆಂದು ಅನ್ನದಲ್ಲಿ ಹೂತಿಡುತ್ತಿದ್ದರಂತೆ. ತಿಂಗಳುಗಟ್ಟಲೆ ಬಿಟ್ಟು, ಹುಳಿಯಾದ ಅನ್ನವನ್ನು ಬಿಸಾಡಿ ಮೀನನ್ನು ತಿನ್ನುತ್ತಿದ್ದರಂತೆ. ಆಮೇಲೆ ಯಾರಿಗೋ ಅನ್ನ ಬಿಸಾಡಲು ಮನಸ್ಸು ಬರಲಿಲ್ಲ. ಅಲ್ಲಿಂದ ಇದು ಶುರು. ಆ ಯಾರೋ ಒಬ್ಬರು ನಮ್ಮ ಅಕ್ಕನ ಕಡೆಯವರೇ ಇರಬೇಕು. ಅವಳ ಮನೆಯಲ್ಲಿ ಅಗುಳು ಬಿಟ್ಟು ಎದ್ದವನನ್ನು ಎಮ್ಮೆಯೂ ಕ್ಷಮಿಸುವುದಿಲ್ಲ.

ಅಂಗಡಿಯ ಪದ್ಧತಿ ಹೀಗೆ. ಬೇಕಾದ್ದನ್ನು ಹೆಸರು ಹೇಳಿ ತರಿಸಿಕೊಳ್ಳಬಹುದು. ಇಲ್ಲವಾದರೆ ಕಟ್ಟೆಯ ಮುಂದೆ ಕುಳಿತು "ನಿನ್ನ ಕೈಗೆ ಬಿಟ್ಟೀವಿ" ಅನ್ನಬಹುದು. ಆಗ ಸುಜಾತಾ ತಣ್ಣೀರಿನಲ್ಲಿ ಕೈ ಅದ್ದಿ, ಒಂದನ್ನು ಮಾಡಿ, ನಿಮ್ಮ ಮುಂದಿನ ಮರದ ಮೇಲೆ ನೇರವಾಗಿ ಇಡುತ್ತಾಳೆ. ನೀವು ತಿಂದ ಮೇಲೆ ಮುಖ ನೋಡಿ ಇನ್ನೊಂದು. ಹೀಗೆ ನೀವು ಸಾಕು ಅನ್ನುವವರೆಗೆ. ಜಪಾನಿನ ಹೆಸರುಗಳನ್ನು ಎಲ್ಲರೆದುರು ಓದಿ ನಗೆಪಾಟಲಾಗುವುದು ಬೇಡವೆಂದು ಮುಕ್ಕಾಲು ಪಾಲು ಜನ ಅವಳ ಕೈಗೇ ಬಿಡುತ್ತಿದ್ದರು. ಎರಡು ಮೂರು ತಿಂದು ಸಾಕು ಅನ್ನುತ್ತಿದ್ದರು. ಅವಳು ತಲೆಬಾಗಿ ಕೈ ತೊಳೆಯುತ್ತಿದ್ದಳು. ಅವರು ಒಂದು ಕ್ಷಣ ಹಾಗೇ ಕುಳಿತಿದ್ದು, ಏನೋ ಮರೆತವರ ಹಾಗೆ ಕಟ್ಟೆಯನ್ನು ನೋಡಿ, ಎದ್ದು ಹೋಗುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ.

ಫೋನಿನಲ್ಲಿ ಗಿರಾಕಿಗಳು ಬರೆಯುವ ಅಭಿಪ್ರಾಯಗಳನ್ನು ನಾನು ಕದ್ದು ಓದುತ್ತಿದ್ದೆ. "ಅನ್ನ ಛಲೋ ಅದ, ಸಾರು ಕೊಡಲಿಲ್ಲ" ಎಂದು ಒಬ್ಬರು ಎರಡು ನಕ್ಷತ್ರ ಕೊಟ್ಟಿದ್ದರು. ಐವಾನ್-ಎ-ಶಾಹಿ ಬಡಾವಣೆಯ ದಂಪತಿ ಬರೆದದ್ದು ನನ್ನನ್ನು ಹಿಡಿದು ನಿಲ್ಲಿಸಿತು. "ಸ್ವಚ್ಛ ಅದ, ಹುಡುಗಿ ಭಾಳ ಮರ್ಯಾದಿ ಮಾಡ್ತಾಳ. ಆದರ ಇನ್ನೊಂದು ಹಾಕಲ್ಯಾ ಅಂತ ಒಂದು ಮಾತು ಕೇಳಂಗಿಲ್ಲ."

ಮೆಟ್ಟಿಲ ಕೆಳಗೆ ರಶೀದ್‌ಭಾಯಿಯ ಬಂಡಿ ಇದೆ. ಚುರಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ, ಜೊತೆಗೆ ಮಿರ್ಚಿ ಭಜಿ. ಒಂದು ಸಂಜೆ ಅಲ್ಲಿ ನಿಂತಿದ್ದಾಗ, ಮೇಲೆ ಆಗತಾನೇ ಸಾಕು ಅಂದು ಇಳಿದು ಬಂದ ಒಂದು ಕುಟುಂಬ ಇಡೀ ಬಂಡಿಯನ್ನು ಮುತ್ತಿಕೊಂಡು ಎರಡೆರಡು ತಟ್ಟೆ ಮುಗಿಸಿದ್ದನ್ನು ಕಂಡೆ. ರಶೀದ್‌ಭಾಯಿ ಭಜಿ ತೆಗೆಯುತ್ತ ನನ್ನ ಕಡೆ ಬಗ್ಗಿದರು. "ನಿಮ್ಮ ಹುಡುಗಿ ಅಂಗಡಿ ಹಾಕಿದ ಮ್ಯಾಲ ನಮ್ಮ ಧಂದಾ ಜೋರ್ ಅದ ಸಾಬ್. ಮ್ಯಾಲ ಹೋದವರೆಲ್ಲಾ ಭೂಕಾ ಹೊಟ್ಟೀಲೆ ಇಳೀತಾರ. ಅಲ್ಲಾ ಆಕೀನ ಸಲಾಮತ್ ಇಡಲಿ."

ಆಗ ನನಗೆ ಹೊಳೆಯಿತು. ಹೊಳೆಯಿತು ಎಂದು ಬರೆಯುವಾಗಲೇ ಪೆನ್ನು ಹಿಂಜರಿಯುತ್ತದೆ. ಹೊಳೆದದ್ದು ಆ ಸಂಜೆಯೋ, ಮಿರ್ಚಿಯ ಖಾರ ನೆತ್ತಿಗೇರಿದ ಮರುದಿನವೋ. ಇರಲಿ. ಹೊಳೆದದ್ದು ಇಷ್ಟು: ನಮ್ಮ ಕಡೆ ಯಾರೂ ಮೊದಲನೆಯ ಸಾಕನ್ನು ನಿಜವಾಗಿ ಅನ್ನುವುದಿಲ್ಲ.

ನೀವು ನಮ್ಮ ಕಡೆಯ ಪಂಕ್ತಿಯಲ್ಲಿ ಕುಳಿತಿದ್ದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಸಾಕು ಸಂಕೋಚದ್ದು, ನಾನು ಹೊಟ್ಟೆಬಾಕನಲ್ಲ ಎಂದು ತಿಳಿಸಲಿಕ್ಕೆ. ಎರಡನೆಯದು ಮನೆಯವರ ಮರ್ಯಾದೆಗೆ, ನೀವು ಬೇಕಾದಷ್ಟು ಹಾಕಿದ್ದೀರಿ ಎಂದು ಅಕ್ಕಪಕ್ಕದವರಿಗೆ ಕೇಳಿಸಲಿಕ್ಕೆ. ಮೂರನೆಯದಕ್ಕೆ ದನಿ ಏರುತ್ತದೆ, ಅಷ್ಟರಲ್ಲಿ ರೊಟ್ಟಿ ಬಿದ್ದಿರುತ್ತದೆ. ಕೊನೆಗೆ ಎರಡೂ ಅಂಗೈಗಳು ತಾಟಿನ ಮೇಲೆ ಅಡ್ಡ ಬಂದಾಗ ಮಾತ್ರ ಹೊಟ್ಟೆ ಮಾತಾಡಿತು ಎಂದು ಅರ್ಥ. ಅಲ್ಲಿಯವರೆಗೆ ಮಾತಾಡಿದ್ದು ಬರೀ ನಡವಳಿಕೆ. ಬಡಿಸುವವರಿಗೂ ಇದು ಗೊತ್ತು, ಉಣ್ಣುವವರಿಗೂ ಗೊತ್ತು. ಸಾಕು ಅನ್ನುವುದು ಇಲ್ಲಿ ಊಟ ನಿಲ್ಲಿಸುವ ಮಾತಲ್ಲ, ಒತ್ತಾಯ ಶುರು ಮಾಡಿ ಎಂಬ ಅಪ್ಪಣೆ. ಹಾಗಿರುವಾಗ ಮೊದಲನೆಯದಕ್ಕೇ ಕೈ ತೊಳೆದರೆ ಹೇಗೆ? ಸುಜಾತಾಳ ಕಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಲು ತಾಟೂ ಇರಲಿಲ್ಲ. ಜನ ಕಾಯುತ್ತಿದ್ದರು. ಅವಳೂ ಕಾಯುತ್ತಿದ್ದಳು. ನಡುವೆ ಹಸಿವು ಕುಳಿತಿತ್ತು.

ಭಾವನ ಮೌನಕ್ಕೂ ಇದೇ ಕಾರಣ ಎಂದು ನಾನು ತೀರ್ಮಾನಿಸಿದೆ. ಸ್ವಂತ ಮಗಳು, ಬಂದ ಮಂದಿಯ ಎದುರು, ಅಪ್ಪನಿಗೆ ಇನ್ನೊಂದು ತುತ್ತು ಅನ್ನಲಿಲ್ಲ. ಸಿದ್ಧಾಂತ ಎಷ್ಟು ಚೊಕ್ಕವಾಗಿತ್ತೆಂದರೆ ನಾನು ಅದನ್ನು ಎತ್ತಿಕೊಂಡು ಮರುದಿನ ಮಧ್ಯಾಹ್ನವೇ ಮೆಟ್ಟಿಲು ಹತ್ತಿದೆ.

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಸುಜಾತಾ ಅಗಲವಾದ ಮರದ ಪಾತ್ರೆಯಲ್ಲಿ ಅನ್ನ ಹರವಿ, ಹುಳಿಗೆಂದು ಸಿರ್ಕಾ ಚಿಮುಕಿಸಿ, ಒಂದು ಕೈಯಿಂದ ತಿರುವುತ್ತ ಇನ್ನೊಂದು ಕೈಯಿಂದ ಗಾಳಿ ಬೀಸುತ್ತಿದ್ದಳು.

"ಸುಜಾ, ಮಂದಿ ಮೊದಲನೇ ಸಲ ಸಾಕು ಅಂದಾಗ ನಿಲ್ಲಿಸಬಾರದವ್ವಾ" ಅಂದೆ.

"ಯಾಕ ಮಾಮಾ?"

"ಅದು ಖರೇ ಸಾಕು ಅಲ್ಲ."

"ಖರೇ ಯಾವುದು ಮತ್ತ?"

"ಮೂರನೇದು. ಒಮ್ಮೊಮ್ಮೆ ನಾಲ್ಕನೇದು."

"ಹಂಗಾರ ಮೊದಲನೇದು ಯಾಕ ಅಂತಾರ?"

ಪುಣೆಯ ಉಸ್ತಾದರು ಕಲಿಸಿದ ಶಿಸ್ತು ಪುಣೆಯಲ್ಲೇ ಇರಲಿ, ಕಲಬುರಗಿಗೆ ಕಲಬುರಗಿಯ ರೀತಿ ಎಂದು ಏನೋ ದೊಡ್ಡ ಮಾತು ಆಡಿದೆ. ಅವಳು ಬೀಸಣಿಗೆ ನಿಲ್ಲಿಸಲಿಲ್ಲ.

"ಉಸ್ತಾದ್ರು ಕಲಿಸಿದ್ದು ಅನ್ನ ಹಿಡಿಯೂದು ಮಾಮಾ. ನಿಲ್ಲಿಸೂದು ನಾ ಮನ್ಯಾಗ ಕಲತಿದ್ದು" ಅಂದಳು. "ಬೀದರದಿಂದ ನನ್ನ ನೋಡಾಕ ಬಂದಿದ್ರಲ್ಲ, ನೀವು ಆಗ ಊರಾಗ ಇರಲಿಲ್ಲ. ನಾ ಬ್ಯಾಡ ಅಂದೆ. ಹುಡುಗೇರು ಮೊದಲ ಬ್ಯಾಡಾನೇ ಅಂತಾವ, ಆಮ್ಯಾಲ ಹೂಂ ಅಂತಾವ ಅಂತ ಬಂದವರೆಲ್ಲಾ ನಕ್ಕರು. ಅವ್ವನೂ ನಕ್ಕಳು. ಅಪ್ಪ ಒಬ್ಬಾಂವ ಚಾದ ಕಪ್ಪು ಕೆಳಗಿಟ್ಟು, ಆಕಿ ಬ್ಯಾಡ ಅಂದಾಳ, ಮುಗೀತು ಅಂದ. ಎರಡನೇ ಸಲ ಕೇಳಲಿಲ್ಲ. ಇವತ್ತಿನ ತನಕ ಕೇಳಿಲ್ಲ."

ಬೀಸಣಿಗೆ ಈಗ ನಿಂತಿತು. "ಅಂಥಾ ಅಪ್ಪ ಸಾಕು ಅಂದ್ರ ನಾ ಹ್ಯಾಂಗ ನಂಬಲಾರದ ಇರಲಿ? ದಿನಾ ಫೋನ್ ಮಾಡ್ತಾನ. ಬಿಸಿಲು ಹ್ಯಾಂಗದ, ಓಣ್ಯಾಗ ನೀರು ಬಂತೇನು, ಎಲ್ಲಾ ಕೇಳ್ತಾನ. ಅಂಗಡಿ ಹೆಸರು ಮಾತ್ರ ಎತ್ತಂಗಿಲ್ಲ. ಬ್ಯಾರೇ ಯಾರು ಬರಲಿಲ್ಲಂದ್ರೂ ಚಿಂತಿಲ್ಲ. ಅಪ್ಪಗ ಇಲ್ಲಿ ಏನು ಹಿಡಿಸಲಿಲ್ಲ ಅಂತ ಅಷ್ಟು ತಿಳಕೊಂಡು ಬರ್ರಿ ಮಾಮಾ. ನೀವು ಬರಿಯೋರು, ಮಾತು ತಗಸೋದು ನಿಮಗ ಬರ್ತದ."

ಬರೆಯುವವರಿಗೆ ಮಾತು ತೆಗೆಸುವುದು ಬರುತ್ತದೆ ಎಂಬುದು ಬರೆಯದವರ ನಂಬಿಕೆ. ಆದರೂ ಮುಂದಿನ ಭಾನುವಾರ ಕಮಲಾಪುರಕ್ಕೆ ಹೋದೆ.

ಭಾವ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಈಗ ಮನೆಯ ಹಿಂದೆ ಕೆಂಪು ಬಾಳೆಯ ನಾಲ್ಕು ಗಿಡ ಇಟ್ಟುಕೊಂಡು ಅವುಗಳ ಜೊತೆ ಮಾತಾಡುತ್ತಾರೆ. ಅಕ್ಕ ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಎರಡನೆಯ ರೊಟ್ಟಿಗೆ ಸಾಕು ಅಂದೆ. ಅವಳು ಕೇಳಿಸಿಕೊಂಡ ಲಕ್ಷಣವೇ ಇಲ್ಲ. ಮೂರನೆಯದು ಬಿತ್ತು. ಸಾಕಕ್ಕಾ, ಖರೇನೇ ಸಾಕು ಅಂದೆ. "ಹೂಂ, ಖರೇ" ಎಂದು ನಾಲ್ಕನೆಯದನ್ನು ಅರ್ಧ ಮುರಿದು ಹಾಕಿದಳು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ ಎಂದು ಒಳಗೊಳಗೇ ಹಿಗ್ಗುತ್ತ, ಪಕ್ಕದಲ್ಲಿ ಕುಳಿತಿದ್ದ ಭಾವನನ್ನು ಮೆಲ್ಲಗೆ ಕೆದಕಿದೆ.

"ಮಗಳ ಅಂಗಡಿಗಿ ಯಾಕ ಹೋಗವಲ್ರಿ ಭಾವಾ?"

"ಏನ್ ಸಾಹಿತಿಗಳೇ, ಪೇಪರಿನಾಗ ಹಾಕೋರೇನು?"

"ಇಲ್ಲ ಇಲ್ಲ, ಸುಮ್ನೆ ಕೇಳಿದೆ." (ಅವರ ಊಹೆ ಸರಿ ಎಂಬುದಕ್ಕೆ ನೀವೀಗ ಸಾಕ್ಷಿ.)

ಅವರು ಸ್ವಲ್ಪ ಹೊತ್ತು ರೊಟ್ಟಿ ಮುರಿದರು. "ಕುರ್ಚಿ ಎತ್ತರ ಅದ" ಅಂದರು. "ಕಾಲು ನೆಲಕ್ಕ ಹತ್ತಂಗಿಲ್ಲ. ಉಣ್ಣೋ ಮನುಷ್ಯಾಗ ಕಾಲ ಕೆಳಗ ನೆಲ ಇರಬೇಕು. ಬ್ರೇಕ್ ಇಲ್ಲದ ಗಾಡ್ಯಾಗ ಕೂತಂಗ ಆಗ್ತದ."

ಅಷ್ಟೇ. ಕುರ್ಚಿ. ಇಡೀ ಬದುಕು ಒಂದು ಸೀಟಿನ ಮೇಲೆ ಕಳೆದವರು ಸೀಟಿನ ಬಗ್ಗೆ ಹೇಳಿದರೆ ಎದುರಾಡುವುದು ಹೇಗೆ? ಇದು ಭಾವನ ಮೊದಲನೆಯ ಉತ್ತರ, ಆದ್ದರಿಂದ ನಿಜವಾದದ್ದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಕ್ಕ ಚೆಂಬು ಹಿಡಿದು ಹಿಂದೆ ಬಂದಳು.

"ಕುರ್ಚಿ ಅಲ್ಲ ತಮ್ಮಾ" ಅಂದಳು, ದನಿ ಇಳಿಸಿ. "ಅವರಿಗಿ ತಣ್ಣನ ಅನ್ನ ಆಗಂಗಿಲ್ಲ. ಸಣ್ಣಾವರಿದ್ದಾಗ ಮಂದಿ ಮನಿ ಹಿತ್ತಲದಾಗ ನಿಂತು ತಂಗಳಾ ಎಷ್ಟು ಇಸ್ಕೊಂಡು ತಿಂದಾರೋ ಏನೋ. ಪಗಾರ ಸುರುವಾದ ದಿನದಿಂದ ಬಿಸಿ ಇಲ್ಲದ್ದು ಮುಟ್ಟಂಗಿಲ್ಲ. ರಾತ್ರಿ ಎಷ್ಟೊತ್ತಿಗಿ ಡ್ಯೂಟಿ ಮುಗಿಸಿ ಬಂದರೂ ನಾ ಎದ್ದು ಒಲಿ ಹಚ್ಚೀನಿ. ಈಗ ಮಗಳು ಅಷ್ಟು ಛಂದ ಅಂಗಡ್ಯಾಗ, ಅಷ್ಟು ಮಂದಿ ಮುಂದ, ತಣ್ಣನ ಅನ್ನ ಇಟ್ಟಾಳ. ಅದು ತಪ್ಪು ಅಂತ ಹೇಳಾಕೂ ಆಗಂಗಿಲ್ಲ. ಆಕಿ ಕೆಲಸಾನೇ ಅದು."

ನೀರು ಕೈಮೇಲೆ ಬೀಳುತ್ತಲೇ ಇತ್ತು. ನನ್ನ ಸಿದ್ಧಾಂತ ಎಷ್ಟು ಹಗುರವಾಗಿತ್ತೆಂದು ಆಗ ತಿಳಿಯಿತು. ಹಗುರವಾಗಿದ್ದರೂ ಸುಳ್ಳಾಗಿರಬೇಕೆಂದೇನೂ ಇಲ್ಲ ಎಂದು ಬಸ್ಸಿನಲ್ಲಿ ಬರುವಾಗ ಮತ್ತೆ ಅನ್ನಿಸಿತು. ಮೂರು ಕಾರಣಗಳು, ಮೂವರ ಬಾಯಿಯಿಂದ. ಕುರ್ಚಿ, ತಂಗಳು, ಸಾಕು. ಒಂದನ್ನು ಆರಿಸಿಕೊಂಡರೆ ಕಥೆ ಚೆನ್ನಾಗಿ ಆಗುತ್ತದೆ. ಅದಕ್ಕೇ ನಾನು ಯಾವುದನ್ನೂ ಆರಿಸಲಿಲ್ಲ. ಸುಜಾತಾಗೆ ಕುರ್ಚಿಯ ವಿಷಯ ಮಾತ್ರ ಹೇಳಿದೆ. ಅವಳು ಮರುದಿನವೇ ಬಡಿಗನನ್ನು ಕರೆಸಿ ಒಂದು ಕುರ್ಚಿಗೆ ಕಾಲಿಡುವ ಮಣೆ ಹೊಡೆಸಿದಳು. ಅದರ ಮೇಲೆ ಕಾಲಿಟ್ಟು ಕುಳಿತವರು ನಮ್ಮ ವಕೀಲರು. ಬಹಳ ಆರಾಮ ಅಂದರು.

ಮುಂದಿನದು ಹೀಗಾಯಿತು. ಭಾವನಿಗೆ ಕಣ್ಣು ಮಂಜಾಗತೊಡಗಿ, ಸೇಡಂ ರಸ್ತೆಯ ಕಣ್ಣಿನ ಡಾಕ್ಟರರಿಗೆ ತೋರಿಸಲು ಬಂದರು. ಜೊತೆಗೆ ನಾನಿದ್ದೆ. ಪರೀಕ್ಷೆಗೆಂದು ಹನಿ ಹಾಕಿದರು. ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ಅವರ ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಇಂಥ ಕಣ್ಣಲ್ಲಿ ಬಸ್ಸು ಹತ್ತುವಂತಿಲ್ಲ, ಎಲ್ಲಾದರೂ ನೆರಳಿನಲ್ಲಿ ಕೂರಬೇಕು. ನಾನು ಅವರ ಕೈ ಹಿಡಿದು ನಡೆಸಿದೆ. ಎಲ್ಲಿಗೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೆಟ್ಟಿಲು ಹತ್ತುವಾಗ, ಆ ಮೆಟ್ಟಿಲು ಯಾವುದೆಂದು ಅವರಿಗೆ ಗೊತ್ತಾಗಲಿಲ್ಲ ಎಂದು ನಂಬಲು ನಾನು ಸಿದ್ಧನಿಲ್ಲ. ನಲವತ್ತು ವರ್ಷ ದಾರಿ ನೋಡಿದ ಮನುಷ್ಯ.

ಸುಜಾತಾ ಒಬ್ಬಳೇ ಇದ್ದಳು. ಅಪ್ಪನನ್ನು ಕಂಡು ಕಿಟಕಿಯ ಪರದೆ ಎಳೆದು ಕತ್ತಲು ಮಾಡಿದಳು, ಮಣೆ ಇದ್ದ ಕುರ್ಚಿ ತಂದಿಟ್ಟಳು, ಕೈ ತೊಳೆದಳು. ಒಂದು ಮಾಡಿ ಇಟ್ಟಳು. ಅವರು ಕಣ್ಣು ಕಿರಿದು ಮಾಡಿ, ಕೈಯಿಂದ ತಡವಿ ತೆಗೆದುಕೊಂಡು ತಿಂದರು. ಇನ್ನೊಂದು. ಮತ್ತೊಂದು. ಯಾವಾಗ ಆ ಮಾತು ಬರುತ್ತದೋ ಎಂದು ನಾನು ಉಸಿರು ಹಿಡಿದಿದ್ದೆ. ಅವಳೂ ಹಿಡಿದಿದ್ದಳು ಎಂದು ಈಗ ಬರೆಯುತ್ತಿದ್ದೇನೆ, ಆಗ ನಾನು ಅವಳ ಕಡೆ ನೋಡಿರಲೂ ಇಲ್ಲ.

"ಸಾಕವ್ವಾ" ಅಂದರು ಭಾವ.

ಸುಜಾತಾಳ ಒದ್ದೆ ಕೈಯಲ್ಲಿ ಮುಂದಿನದಕ್ಕೆ ತೆಗೆದ ಅನ್ನವಿತ್ತು. ಅದನ್ನು ಅವಳು ಕೆಳಗಿಡಲಿಲ್ಲ, ಮುಂದಕ್ಕೂ ಚಾಚಲಿಲ್ಲ.

"ಖರೇನಾ ಅಪ್ಪಾ?" ಅಂದಳು.

ಇದು ನಾನು ಹೇಳಿಕೊಟ್ಟದ್ದಲ್ಲ. ಒತ್ತಾಯವೂ ಅಲ್ಲ, ನಿಲ್ಲಿಸುವುದೂ ಅಲ್ಲ. ನಮ್ಮ ಪಂಕ್ತಿಗಳಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿಯೇ ಇಲ್ಲ. ಎಲ್ಲರಿಗೂ ಉತ್ತರ ಮೊದಲೇ ಗೊತ್ತಿರುವಲ್ಲಿ ಕೇಳುವವರು ಯಾರು?

ಭಾವ ಬೇರೆಯದನ್ನೇ ಕೇಳಿದರು. "ನೀ ಏನು ತಿಂದೀ?"

"ನಾನಾ? ಆಮ್ಯಾಲ ತಿಂತೀನಿ. ಬೆಳಿಗ್ಗೆಯಿಂದ ಹೊತ್ತೇ ಸಿಕ್ಕಿಲ್ಲ."

ಅವರು ಕುರ್ಚಿಯಿಂದ ಇಳಿದರು. ಕಟ್ಟೆಯ ಅಂಚು ಹಿಡಿದುಕೊಂಡು ಸುತ್ತಿ ಒಳಗೆ ಹೋದರು. ಗಿರಾಕಿಗಳು ಆ ಕಡೆ ಹೋಗುವಂತಿಲ್ಲ, ಯಾರೂ ಹೋಗಿಲ್ಲ. ತೊಟ್ಟಿಕ್ಕುವ ನೀರಿನ ಸದ್ದಿನ ಜಾಡು ಹಿಡಿದು ನಲ್ಲಿ ಹುಡುಕಿ ಕೈ ತೊಳೆದರು. ಮರದ ಪಾತ್ರೆಗೆ ಕೈ ಹಾಕಿದರು. ಕೈ ಹಾಕಿದವರು ಅಲ್ಲೇ ನಿಂತರು.

"ಅನ್ನ ಬೆಚ್ಚಗ ಅದಲ್ಲಾ" ಅಂದರು.

"ಮೈ ಬಿಸಿ ಎಷ್ಟಿರ್ತದೋ ಅಷ್ಟು ಇರಬೇಕು ಅಪ್ಪಾ, ಅನ್ನ" ಅಂದಳು ಸುಜಾತಾ. "ಅವತ್ತು ಮಂದಿ ಭಾಳ ಇದ್ರು. ಆರಿರಬೇಕು."

ಅವರು ಒಂದು ಹಿಡಿ ಅನ್ನ ತೆಗೆದುಕೊಂಡು, ಬಿಸಿ ರೊಟ್ಟಿಗೆ ಉಪ್ಪು ಬೆಳ್ಳುಳ್ಳಿ ಹಾಕಿ ನುರಿದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮುಟಗಿ ಕಟ್ಟುತ್ತೇವಲ್ಲ, ಹಾಗೆ ಮುಷ್ಟಿಯಲ್ಲಿ ಅದುಮಿದರು. ಐದು ಬೆರಳಿನ ಗುರುತು ಬಿದ್ದ, ಯಾವ ಉಸ್ತಾದನೂ ಒಪ್ಪದ ಒಂದು ಮುದ್ದೆ. ಅದನ್ನು ಕೈಯಲ್ಲೇ ಹಿಡಿದು ಮಗಳು ಇರುವ ಕಡೆ ಅಂದಾಜಿನಿಂದ ಚಾಚಿದರು. ಅಂದಾಜು ಒಂದು ಗೇಣು ತಪ್ಪಿತ್ತು. ಸುಜಾತಾ ತಾನೇ ಒಂದು ಹೆಜ್ಜೆ ಸರಿದು ಅಲ್ಲಿಗೆ ಬಂದು ನಿಂತು ತಿಂದಳು.

ಅವರು ಮತ್ತೆ ಕೈ ಹಾಕಿ ಇನ್ನೊಂದು ಅದುಮತೊಡಗಿದರು.

"ಸಾಕಪ್ಪಾ" ಅಂದಳು.

ಅವರು ಅದುಮುತ್ತಲೇ ಇದ್ದರು.

"ಸಾಕು ಅಂದೆನಲ್ಲಾ."

"ಅಂದಿ. ಕೇಳೀನಿ" ಅಂದರು. ಎರಡನೆಯದನ್ನು ಚಾಚಿದರು. ಅದನ್ನೂ ತಿಂದಳು, ಈಗ ನಗುತ್ತ, ಬಾಯಿ ತುಂಬಿದ್ದರಿಂದ ಮಾತಾಡಲಾಗದೆ. ಮೂರನೆಯದು ಕಟ್ಟಿದರೋ ಇಲ್ಲವೋ ನನಗೆ ಕಾಣಲಿಲ್ಲ. ಆ ಕತ್ತಲಲ್ಲಿ ನನ್ನ ಕಣ್ಣೂ ಮಂಜಾಗಿತ್ತು, ನನಗೆ ಯಾರೂ ಹನಿ ಹಾಕಿರಲಿಲ್ಲ.

ಈಗ ಭಾವ ಆಗಾಗ ಬರುತ್ತಾರೆ. ಸುಜಾತಾ ಗಿರಾಕಿಗಳಿಗೆ ಸಾಕು ಅಂದ ಮೇಲೆ ಒಂದೇ ಒಂದು ಸಲ "ಖರೇನಾ?" ಎಂದು ಕೇಳುತ್ತಾಳೆ. ಕೆಲವರು ತಬ್ಬಿಬ್ಬಾಗುತ್ತಾರೆ. ಕೆಲವರು ಯೋಚಿಸಿ, ಇಲ್ಲ, ಇನ್ನೆರಡು ಹಾಕು ಅನ್ನುತ್ತಾರೆ. ಒಬ್ಬರು ನಿಜವಾಗಿಯೂ ಸಾಕು ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ತಾವೇ ಬೆರಗಾಗಿ ಎದ್ದು ಹೋದರಂತೆ. ಅಂಗಡಿ ನಡೆಯುತ್ತದೆ, ಬಹಳ ಜೋರಾಗಿ ಏನಲ್ಲ.

ಅಂಗಡಿ ತೆರೆದ ದಿನ ಭಾವನನ್ನು ಎಬ್ಬಿಸಿ ಕಳಿಸಿದ್ದು ಕುರ್ಚಿಯೋ, ಆರಿದ ಅನ್ನವೋ, ಬಾರದೆ ಹೋದ ಒತ್ತಾಯವೋ, ಇವತ್ತಿಗೂ ನಾನು ಅವರನ್ನು ಮತ್ತೆ ಕೇಳಿಲ್ಲ. ಕೇಳಿದರೆ ಏನಾದರೊಂದು ಹೇಳುತ್ತಾರೆ, ನಾನು ಅದನ್ನು ಬರೆದುಬಿಡುತ್ತೇನೆ. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದ ಮಧ್ಯಾಹ್ನ ಮಗಳು "ಖರೇನಾ" ಎಂದು ಕೇಳಿದ ಪ್ರಶ್ನೆಗೂ ಅವರು ಉತ್ತರ ಕೊಡಲೇ ಇಲ್ಲ. ಆ ದಿನ ಅವರ ಹೊಟ್ಟೆ ತುಂಬಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.